‘ಅವಿವಾಹಿತ’ ಎಂದು ಬರೆದ ಅರ್ಜಿ

ಬೆಂಗಳೂರಿನ ಉಪ್ಪಾರಪೇಟೆಯಲ್ಲಿ, ಕೆಂಪೇಗೌಡ ಬಸ್ ನಿಲ್ದಾಣದ ಆಸುಪಾಸಿನ ಜೆರಾಕ್ಸ್ ಅಂಗಡಿಗಳ ಮುಂದೆ ಬೆಳಗಿನ ಹೊತ್ತು ನಿಂತರೆ ನಮ್ಮ ಸಮುದಾಯದ ಹೊಸ ಆಸೆಯೊಂದು ಕಣ್ಣಿಗೆ ಬೀಳುತ್ತದೆ. ರಾತ್ರಿ ಬಸ್ಸಿನಲ್ಲಿ ಬಂದಿಳಿದ ತಂದೆ, ಪಕ್ಕದಲ್ಲಿ ಇಂಜಿನಿಯರಿಂಗ್ ಓದಿದ ಮಗ, ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು. ಒಂದು ತಲೆಮಾರಿನ ಹಿಂದೆ ಇಂಥ ಫೈಲು ಗಲ್ಫಿನ ದಾರಿ ಹಿಡಿಯುತ್ತಿತ್ತು. ಒಪ್ಪಂದ ಮುಗಿದೊಡನೆ ಮನುಷ್ಯ ಮರಳುತ್ತಿದ್ದ. ಈಗಿನ ಫೈಲು ಕೆನಡಾದ ಕಾಯಂ ವಾಸಕ್ಕಾಗಿ. ಈ ಆಸೆಯನ್ನು ನಾವು ತಪ್ಪೆನ್ನುವುದಿಲ್ಲ. ಆದರೆ ಫೈಲಿನೊಳಗೆ ಏನಿದೆ ಎಂಬುದನ್ನು ಮನೆಯ ಹಿರಿಯರು ಒಮ್ಮೆ ಓದಿ ನೋಡಿದ್ದಾರೆಯೇ?

ಹೆಚ್ಚಿನವರು ಓದಿರುವುದಿಲ್ಲ. ಏಜೆಂಟನಿಗೆ ಹಣ ಕೊಟ್ಟೆವು, ಇನ್ನು ಅವನುಂಟು ಕೆನಡಾ ಉಂಟು ಎಂಬ ನಂಬಿಕೆ.

ಕೆನಡಾದಲ್ಲಿ 2015ರ ಜನವರಿಯಿಂದ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಅಂಕಪದ್ಧತಿ ಇದೆ. ಗರಿಷ್ಠ 1200 ಅಂಕ. ವಯಸ್ಸಿನ ಪೂರ್ಣ ಅಂಕ 29ರವರೆಗೆ, 30ರಿಂದ ವರ್ಷವರ್ಷವೂ ಇಳಿಕೆ, 45ಕ್ಕೆ ಸೊನ್ನೆ. ಆಹ್ವಾನ ಬಂದರೆ 60 ದಿನಗಳೊಳಗೆ ಎಲ್ಲ ದಾಖಲೆಗಳನ್ನೂ ಒಪ್ಪಿಸಬೇಕು. ಹತ್ತು ವರ್ಷಗಳೊಳಗೆ ಬೇರೆ ದೇಶದಲ್ಲಿ ಸತತ ಆರು ತಿಂಗಳು ನೆಲೆಸಿದ್ದರೆ ಆ ದೇಶದ ಪೊಲೀಸ್ ಪ್ರಮಾಣಪತ್ರವೂ ಬೇಕು. ನಮ್ಮ ಮನೆಗಳಲ್ಲೋ ಅಂಕಪಟ್ಟಿಯಲ್ಲಿ ‘ಮುಹಮ್ಮದ್’, ಪಾಸ್‌ಪೋರ್ಟಿನಲ್ಲಿ ‘ಮೊಹಮ್ಮದ್’, ತಂದೆಯ ಆಧಾರಿನಲ್ಲಿ ಬರೀ ‘ಎಂ.ಡಿ.’. ಹುಟ್ಟಿದ ದಿನಾಂಕ ಶಾಲೆಯ ಮುಖ್ಯೋಪಾಧ್ಯಾಯರು ಅಂದಾಜಿನಿಂದ ಬರೆದದ್ದು. ಅರುವತ್ತು ದಿನಗಳಲ್ಲಿ ಇದನ್ನೆಲ್ಲ ತಿದ್ದಲಾಗದು.

ಇದಕ್ಕಿಂತ ಗಂಭೀರವಾದ ಸಂಗತಿಯೊಂದಿದೆ. ನಮ್ಮಲ್ಲಿ ನಿಕಾಹ್ ಮೊದಲು ನಡೆದು, ಹುಡುಗಿಯನ್ನು ಕಳುಹಿಸಿಕೊಡುವುದು ಒಂದೆರಡು ವರ್ಷ ತಡವಾಗುವುದುಂಟು. ಹುಡುಗಿ ಇನ್ನೂ ತವರಿನಲ್ಲೇ ಇದ್ದಾಳಲ್ಲ, ‘ಅವಿವಾಹಿತ’ ಎಂದೇ ಬರೆಯಿರಿ, ಅಂಕ ಹೆಚ್ಚುತ್ತದೆ ಎಂದು ಏಜೆಂಟ್ ಹೇಳುತ್ತಾನೆ. ತಂದೆ ತಲೆಯಾಡಿಸುತ್ತಾರೆ. ಮಗ ಸಹಿ ಹಾಕುತ್ತಾನೆ. ಹುಡುಗಿಯ ಮನೆಯವರನ್ನು ಯಾರೂ ಕೇಳುವುದಿಲ್ಲ.

ಈ ಸಹಿಯ ಬೆಲೆ ಏನು? ಸುಳ್ಳು ಹೇಳಿಕೆ ಸಾಬೀತಾದರೆ ಐದು ವರ್ಷ ಕೆನಡಾದ ಬಾಗಿಲು ಮುಚ್ಚುತ್ತದೆ. ಸಾಬೀತಾಗದೆ ಹೋದರೂ ಕಥೆ ಮುಗಿಯುವುದಿಲ್ಲ. ಅರ್ಜಿಯ ಕಾಲದಲ್ಲಿ ತಿಳಿಸದ, ಆರೋಗ್ಯ ತಪಾಸಣೆಗೆ ಒಳಪಡದ ಪತ್ನಿಯನ್ನೋ ಮಗುವನ್ನೋ ಮುಂದೆ ಕುಟುಂಬದ ಹೆಸರಿನಲ್ಲಿ ಕರೆಸಿಕೊಳ್ಳಲು ಅಲ್ಲಿನ ವಲಸೆ ನಿಯಮ ಸಾಮಾನ್ಯವಾಗಿ ಬಿಡುವುದಿಲ್ಲ. ಅಂದರೆ ಮಗ ಟೊರಾಂಟೊದಲ್ಲಿ, ಸೊಸೆ ತವರಿನಲ್ಲಿ. ನೆರೆಹೊರೆಯವರ ಪ್ರಶ್ನೆಗಳಿಗೆ ಉತ್ತರಿಸುತ್ತಾ ಕೂರಬೇಕಾದವಳು ಆ ಹೆಣ್ಣುಮಗಳು. ವಿಷಾದವೆಂದರೆ ಆ ಸುಳ್ಳು ಬೇಕಾಗಿಯೇ ಇರಲಿಲ್ಲ! ಪತ್ನಿ ಇದ್ದಾಳೆ, ಸದ್ಯ ಜೊತೆಗೆ ಬರುವುದಿಲ್ಲ ಎಂದು ನಿಜವನ್ನೇ ಬರೆದರೂ ಅಂಕಗಳನ್ನು ಒಂಟಿಯವರಂತೆಯೇ ಎಣಿಸಲಾಗುತ್ತದೆ. ಅವಳ ತಪಾಸಣೆಯಾಗಬೇಕು, ಅಷ್ಟೇ.

ಉದ್ಯೋಗ ಪತ್ರದ ವ್ಯಾಪಾರವೂ ಹೀಗೆಯೇ. ಲಕ್ಷಗಟ್ಟಲೆ ಕೊಟ್ಟು ಇಂಥ ಪತ್ರ ಕೊಳ್ಳುವವರು ಹೆಚ್ಚಿದ್ದರಿಂದ 2025ರ ಮಾರ್ಚ್ 25ರಿಂದ ಕೆನಡಾ ಆ ಅಂಕಗಳನ್ನೇ ತೆಗೆದುಹಾಕಿತು. ಈಗಲೂ ಅದನ್ನು ಮಾರುವವನು ಯಾರನ್ನು ನಂಬಿಸುತ್ತಿದ್ದಾನೆ?

ನಿಕಾಹ್ ಆದ ಪುರಾವೆ ಒದಗಿಸುವುದೂ ನಮಗೆ ಸಲೀಸಲ್ಲ, ನಿಜ. ಮುಸ್ಲಿಂ ದಂಪತಿಗಳಿಗೆ ವಿವಾಹ ಪ್ರಮಾಣಪತ್ರ ನೀಡುವ ಅಧಿಕಾರವನ್ನು ರಾಜ್ಯ ಸರಕಾರ 2023ರಲ್ಲಿ ವಕ್ಫ್ ಅಧಿಕಾರಿಗಳಿಗೆ ಕೊಟ್ಟಿತ್ತು. 2024ರ ನವೆಂಬರಿನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಆದರೆ ಎಲ್ಲ ಧರ್ಮದವರ ವಿವಾಹಗಳ ನೋಂದಣಿಗೆಂದು 1976ರ ರಾಜ್ಯ ಕಾಯ್ದೆ ಇದೆ, ಉಪನೋಂದಣಾಧಿಕಾರಿಯ ಕಚೇರಿ ನಮ್ಮ ಪಟ್ಟಣಗಳಲ್ಲೇ ಇದೆ. ನಿಕಾಹ್‌ಗೆ ಹಾಲ್ ಗೊತ್ತುಮಾಡಲು ತಿಂಗಳುಗಟ್ಟಲೆ ಓಡಾಡುವ ನಾವು ಅಲ್ಲಿಗೊಮ್ಮೆ ಹೋಗಿ ಬರಲು ಏಕೆ ಹಿಂಜರಿಯಬೇಕು? ಜಮಾಅತ್ ಸಮಿತಿಗಳೂ ನಿಕಾಹ್ ಪುಸ್ತಕ ತುಂಬುವ ಮುನ್ನ ವಧೂವರರ ಪಾಸ್‌ಪೋರ್ಟ್ ತರಿಸಿ, ಅದರಲ್ಲಿದ್ದಂತೆಯೇ ಹೆಸರುಗಳನ್ನು ಬರೆಸಲಿ.