ಪಹಣಿಗೆ ಸಂದ ಪರಿಹಾರ

೨೦೧೯ರ ಆಗಸ್ಟಿನಲ್ಲಿ ಸೊರಬದ ಸೀಮೆಯಲ್ಲಿ ವರದೆ ಉಕ್ಕಿ ಹರಿದಾಗ ನಾನು ಅದರ ದಂಡೆಯ ಒಂದು ಹಳ್ಳಿಯಲ್ಲಿದ್ದೆ. ನಾಟಿ ಮುಗಿದ ಗದ್ದೆಗಳ ಮೇಲೆ ದಿನಗಟ್ಟಲೆ ನೀರು ನಿಂತಿತು. ಇಳಿದ ಮೇಲೆ ಉಳಿದದ್ದು ಕೊಳೆತ ಸಸಿ ಮತ್ತು ಹೂಳು.

ಪರಿಹಾರ ಬರಲಿಲ್ಲವೆಂದು ನಾನು ದೂರುತ್ತಿಲ್ಲ. ಬಂತು. ಯಾರಿಗೆ ಬಂತು ಎಂಬುದೇ ನನ್ನ ಪ್ರಶ್ನೆ. ನಾನಿದ್ದ ಮನೆಯ ನೆರೆಯವನು ಎರಡು ಎಕರೆ ಗೇಣಿಗೆ ಮಾಡಿದ್ದ. ಬೀಜ ಅವನದು, ಗೊಬ್ಬರ ಅವನದು, ಸಾಲವೂ ಅವನದೇ. ಪಹಣಿ ಮಾತ್ರ ಪಟ್ಟಣದಲ್ಲಿರುವ ಒಡೆಯರದು. ಹಣ ಪಹಣಿಯ ಹಿಂದೆ ಹೋಯಿತು. "ಹೊಳೆಗೆ ನನ್ ಗದ್ದೆ ಯಾವ್ದು ಅಂತ ಗೊತ್ತಾತು ಸ್ವಾಮಿ, ಸರ್ಕಾರಕ್ಕೆ ಗೊತ್ತಾಗ್ಲಿಲ್ಲ ನೋಡಿ" ಎಂದ.

ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದು ೧೯೫೧ರಲ್ಲಿ. ೧೯೭೪ರ ಭೂಸುಧಾರಣಾ ತಿದ್ದುಪಡಿ ಗೇಣಿಯನ್ನೇ ನಿಷೇಧಿಸಿತು. ಉಳುವವನು ಒಡೆಯನಾದ, ಸಂತೋಷ. ಆದರೆ ಆ ಒಡೆಯನ ಮಕ್ಕಳು ಪೇಟೆ ಸೇರಿದ ಮೇಲೆ ಗೇಣಿ ಹಿತ್ತಿಲ ಬಾಗಿಲಿನಿಂದ ಮರಳಿ ಬಂದಿದೆ. ಕಾನೂನಿನಲ್ಲಿ ಇಲ್ಲದ ಗೇಣಿಗೆ ಕಾಗದವಿಲ್ಲ. ಕಾಗದವಿಲ್ಲದವನಿಗೆ ನಷ್ಟವೂ ಇಲ್ಲ! ಶಿಕಾರಿಪುರದ ಕಡೆ ಬಗರ್‌ಹುಕುಂ ಭೂಮಿಯಲ್ಲಿ ಮೆಕ್ಕೆಜೋಳ ಬಿತ್ತುವವನ ಪಾಡೂ ಇದೇ. ಕಳೆ ಕೀಳುವ ಕೂಲಿ ಹೆಂಗಸರ ಮಾತನ್ನಂತೂ ಎತ್ತುವವರೇ ಇಲ್ಲ.

೨೦೨೧ರ ಕೊನೆಗೆ ರಾಜ್ಯ ಸರ್ಕಾರ ಮಳೆಯಾಶ್ರಿತ ಬೆಳೆಯ ಪರಿಹಾರವನ್ನು ಹೆಕ್ಟೇರಿಗೆ ೬,೮೦೦ ರೂಪಾಯಿಯಿಂದ ೧೩,೬೦೦ಕ್ಕೆ ಏರಿಸಿತು. ಒಳ್ಳೆಯದೇ. ಆದರೆ ಬೆಳೆ ಕಳೆದುಕೊಳ್ಳದವನ ಕೈಗೆ ಇಮ್ಮಡಿ ಹಣ ಹಾಕಿದರೆ ಕಳೆದುಕೊಂಡವನ ಒಲೆ ಹೊತ್ತೀತೇ?

ಗೇಣಿದಾರನ ಹೆಸರು ಬರೆದುಕೊಂಡರೆ ನಾಳೆ ಗದ್ದೆಯೇ ಕೈಬಿಟ್ಟೀತು ಎಂಬುದು ಒಡೆಯರ ಅಂಜಿಕೆ. ಅಂಜಿಕೆ ಸುಳ್ಳಲ್ಲ, ಮದ್ದು ಇಲ್ಲದ್ದೂ ಅಲ್ಲ. ೨೦೧೯ರಲ್ಲೇ ಆಂಧ್ರಪ್ರದೇಶ ಕಾಯಿದೆಯೊಂದನ್ನು ಮಾಡಿ, ಹನ್ನೊಂದು ತಿಂಗಳ ಕರಾರಿನ ಮೇಲೆ ಸಾಗುವಳಿದಾರನಿಗೆ ಕಾರ್ಡು ಕೊಟ್ಟಿತು. ಒಡೆತನ ಒಡೆಯನಲ್ಲೇ ಉಳಿಯಿತು. ಬೆಳೆಯ ಹಕ್ಕು ಬೆಳೆದವನಿಗೆ ಸಿಕ್ಕಿತು. ಆ ಕಾರ್ಡು ಎಲ್ಲರ ಕೈಗೂ ತಲುಪಲಿಲ್ಲ, ನಿಜ. ಆದರೆ ದಾರಿಯಂತೂ ಕಂಡಿತು. ಕಾಗೋಡಿನ ನಾಡಿಗೆ ಅಷ್ಟೂ ಬೇಡವೇ?

ಕಾನೂನು ಬರುವಾಗ ಬರಲಿ. ಪಟ್ಟಣದ ಓದುಗರೇ, ನಿಮ್ಮಲ್ಲೂ ಹಲವರಿಗೆ ಊರಿನಲ್ಲಿ ನಾಲ್ಕು ಗುಂಟೆ ಗದ್ದೆ ಇದ್ದೀತು. ಹೊಳೆ ಬಂದ ವರ್ಷ ನಿಮ್ಮ ಖಾತೆಗೆ ಬಿದ್ದ ಹಣ ಮುಳುಗಿದ ಪೈರಿನದು. ಆ ಪೈರನ್ನು ನೆಟ್ಟವರು ಯಾರೆಂದು ನಿಮಗೆ ತಿಳಿದೇ ಇದೆ. ಅವರ ಮನೆಯ ದಾರಿಯೂ ತಿಳಿದಿದೆ.