ಪ್ರಯೋಗಶಾಲೆಯ ಮುಯ್ಯಾಳು

ಹೋದ ತಿಂಗಳು ತಿಪಟೂರಿನ ಕಡೆ ನೆಂಟರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಮುಗಿಸಿ ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾಗ ತೆಂಗಿನ ತೋಟದ ಯಜಮಾನರೊಬ್ಬರು ಪಕ್ಕದಲ್ಲಿ ಬಂದು ಕುಳಿತರು. ಅವರ ಮಗಳು ದ್ವಿತೀಯ ಪಿ.ಯು.ಸಿ. ಓದುತ್ತಿದ್ದಾಳೆ. ‘ನೋಡಿ ಸಾರ್, ಇವಳಿಗೆ ಬಯಾಲಜಿಯೂ ಬೇಕಂತೆ, ಕಂಪ್ಯೂಟರೂ ಬೇಕಂತೆ. ಎರಡು ದೋಣಿ ಮೇಲೆ ಕಾಲಿಟ್ರೆ ಏನಾಗುತ್ತೆ ಅಂತ ನೀವಾದ್ರೂ ಹೇಳಿ’ ಎಂದರು. ಹುಡುಗಿ ಕಂಬದ ಪಕ್ಕ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ಇಂಥ ಪ್ರಶ್ನೆ ಕೇಳುವ ತಂದೆತಾಯಿಯರು ನನಗೆ ತಿಂಗಳಿಗೊಬ್ಬರಾದರೂ ಸಿಗುತ್ತಾರೆ. ಕಂಪ್ಯೂಟರ್ ಎಂದರೆ ಇಂಜಿನಿಯರಿಂಗ್, ಬಯಾಲಜಿ ಎಂದರೆ ಡಾಕ್ಟರಿಕೆ ಎಂದು ನಾವೆಲ್ಲ ಗೆರೆ ಎಳೆದುಬಿಟ್ಟಿದ್ದೇವೆ. ಆ ಗೆರೆ ಎಲ್ಲಿ ಅಳಿಸಿಹೋಗಿದೆ ಎಂದು ಅವರಿಗೆ ತೋರಿಸಲು ಒಂದು ಕಥೆ ಹೇಳಿದೆ. ಜಗಲಿಯ ಮೇಲೆ ಹೇಳಿದ್ದನ್ನು ಇಲ್ಲಿ ಇನ್ನಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯಲ್ಲಿ ಜೆಫ್ರಿ ಚಾಂಗ್ ಎಂಬ ಯುವ ವಿಜ್ಞಾನಿ ಇದ್ದರು. ಬ್ಯಾಕ್ಟೀರಿಯಾದ ಒಳಪೊರೆಯಲ್ಲಿ ಕೂತು ಕೆಲಸ ಮಾಡುವ ಒಂದು ಪ್ರೋಟೀನಿನ ರಚನೆಯನ್ನು ಅವರು 2001ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕ್ಯಾನ್ಸರ್ ಕೋಶಗಳು ಔಷಧವನ್ನು ಹೊರಕ್ಕೆ ತಳ್ಳುತ್ತವಲ್ಲ, ಆ ಕೆಲಸ ಮಾಡುವ ಪ್ರೋಟೀನಿಗೆ ಇದು ಹತ್ತಿರದ ಬಂಧು. ಹಾಗಾಗಿ ಎಲ್ಲರ ಗಮನವೂ ಅತ್ತ ಹರಿಯಿತು. ಅದೇ ದಾರಿಯಲ್ಲಿ ಇನ್ನೂ ನಾಲ್ಕು ಲೇಖನಗಳು ಬಂದವು. ಬೇರೆ ಪ್ರಯೋಗಶಾಲೆಗಳವರು ಆ ರಚನೆಯನ್ನು ನಂಬಿ ತಮ್ಮ ಪ್ರಯೋಗಗಳನ್ನು ಹೂಡಿದರು. ಕೆಲವರಿಗೆ ಅದಕ್ಕೆ ಹೊಂದದ ಫಲಿತಾಂಶ ಬಂದಾಗ, ಅವರದೇ ತಪ್ಪಿರಬೇಕು ಎಂದು ಅವರ ಲೇಖನಗಳಿಗೆ ಅಡ್ಡಿಯಾಯಿತೆಂದು ಆಮೇಲೆ ವರದಿಯಾಯಿತು.

2006ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಇಬ್ಬರು ಸಂಶೋಧಕರು ಅದೇ ಕುಟುಂಬದ ಇನ್ನೊಂದು ಪ್ರೋಟೀನಿನ ರಚನೆ ಪ್ರಕಟಿಸಿದರು. ಎರಡಕ್ಕೂ ತಾಳೆಯೇ ಇರಲಿಲ್ಲ! ಚಾಂಗ್ ಅವರು ಹಿಂದಕ್ಕೆ ಹೋಗಿ ತಮ್ಮ ಲೆಕ್ಕವನ್ನು ಕೆದಕಿದರು. ಸಿಕ್ಕಿದ್ದು ಒಂದೇ ಒಂದು ತಪ್ಪು. ಬೇರೊಂದು ಪ್ರಯೋಗಶಾಲೆಯಿಂದ ಕೈಬದಲಾಗಿ ಬಂದಿದ್ದ ಪುಟ್ಟ ಕಂಪ್ಯೂಟರ್ ಪ್ರೋಗ್ರಾಮೊಂದು ಅಂಕಿಗಳ ಎರಡು ಕಂಬಸಾಲುಗಳನ್ನು ಅದಲುಬದಲು ಮಾಡಿತ್ತು. ಪ್ಲಸ್ ಇದ್ದಲ್ಲಿ ಮೈನಸ್ ಆಗಿತ್ತು, ಅಷ್ಟೇ. ಆ ಪ್ರೋಗ್ರಾಮು ಎಲ್ಲರೂ ಬಳಸುವ ಸಾಮಾನ್ಯ ತಂತ್ರಾಂಶದ ಭಾಗವಾಗಿರಲಿಲ್ಲ, ಆ ಮನೆಯದೇ ಬಳಕೆಯ ಸಾಮಾನು. 2006ರ ಡಿಸೆಂಬರಿನಲ್ಲಿ ‘ಸೈನ್ಸ್’ನ ಮೂರು ಲೇಖನಗಳನ್ನು ಅವರು ಹಿಂತೆಗೆದುಕೊಂಡರು. ಉಳಿದೆರಡೂ ಹೋದವು. ಐದು ವರ್ಷದ ಬೆವರು!

ಒಂದು ಚಿಹ್ನೆಗೆ ಇಷ್ಟು ಶಕ್ತಿಯೇ ಎಂದು ನೀವು ಕೇಳಬಹುದು. ಪ್ರೋಟೀನಿನ ಅಣುಗಳು ಸೂಕ್ಷ್ಮದರ್ಶಕದಲ್ಲೂ ಕಾಣದಷ್ಟು ಚಿಕ್ಕವು. ಅವನ್ನು ಸ್ಫಟಿಕವಾಗಿಸಿ, ಅದರ ಮೇಲೆ ಕ್ಷ-ಕಿರಣ ಬಿಟ್ಟರೆ ಆಚೆ ಸಾವಿರಾರು ಚುಕ್ಕೆಗಳು ಮೂಡುತ್ತವೆ. ಒಂದೊಂದು ಚುಕ್ಕೆ ಎಷ್ಟು ಪ್ರಖರವಾಗಿದೆ ಎಂದು ಅಳೆದು, ಆ ಅಂಕಿಗಳಿಂದ ಅಣುವಿನ ಆಕಾರವನ್ನು ಲೆಕ್ಕ ಹಾಕಬೇಕು. ಪ್ರತಿ ಚುಕ್ಕೆಗೂ ಒಂದು ಜೋಡಿ ಚುಕ್ಕೆ ಇರುತ್ತದೆ. ಎರಡರ ಪ್ರಖರತೆಯೂ ಹೆಚ್ಚುಕಡಿಮೆ ಒಂದೇ. ಸ್ಫಟಿಕದಲ್ಲಿ ಭಾರದ ಪರಮಾಣುಗಳಿದ್ದರೆ ಮಾತ್ರ ಕೂದಲೆಳೆಯಷ್ಟು ವ್ಯತ್ಯಾಸ ಕಾಣಿಸುತ್ತದೆ. ಜೋಡಿಯಲ್ಲಿ ಯಾವುದು ಹೆಚ್ಚು, ಯಾವುದು ಕಡಿಮೆ ಎಂಬುದನ್ನು ಹಿಡಿದೇ ಅಣು ಎಡಗೈಯಂತಿದೆಯೋ ಬಲಗೈಯಂತಿದೆಯೋ ಹೇಳಬಹುದು. (ಈ ಕೂದಲೆಳೆ ವ್ಯತ್ಯಾಸವನ್ನು ದುಡಿಸಿಕೊಳ್ಳುವ ವಿದ್ಯೆಯಲ್ಲಿ ಬೆಂಗಳೂರಿನ ಪಾಲೂ ಇದೆ. ಭಾರತೀಯ ವಿಜ್ಞಾನ ಮಂದಿರದಲ್ಲಿ ಎಸ್. ರಾಮಶೇಷನ್ 1950ರ ದಶಕದಲ್ಲೇ ಇದರ ಮೇಲೆ ಕೆಲಸ ಮಾಡಿದ್ದರು.) ಚಿಹ್ನೆ ತಿರುವುಮುರುವಾದರೆ ನಿಮಗೆ ಸಿಗುವುದು ಕನ್ನಡಿಯೊಳಗಿನ ಬಿಂಬ. ಆ ಬಿಂಬಕ್ಕೆ ಅಣುವನ್ನು ಹೊಂದಿಸಲು ಹೊರಟರೆ ಎಡಗಾಲಿನ ಚಪ್ಪಲಿಗೆ ಬಲಗಾಲು ತುರುಕಿದ ಹಾಗೆ.

ಈಗ ಕಥೆಯ ಇನ್ನೊಂದು ಮಗ್ಗುಲಿಗೆ ಬರೋಣ. ಎಲ್ಲರೂ ಬಳಸುವ ಸಾಮಾನ್ಯ ತಂತ್ರಾಂಶ ಎಂದೆನಲ್ಲ, ಅದು ಬಂದದ್ದು ಎಲ್ಲಿಂದ?

1970ರ ದಶಕದಲ್ಲಿ ಈ ಲೆಕ್ಕ ಮಾಡುವವರೆಲ್ಲ ಪ್ರೋಗ್ರಾಮನ್ನು ತಾವೇ ಬರೆದುಕೊಳ್ಳುತ್ತಿದ್ದರು. ಕೇಂಬ್ರಿಜ್‌ನಲ್ಲೊಂದು, ಆಕ್ಸ್‌ಫರ್ಡ್‌ನಲ್ಲೊಂದು, ಯಾರ್ಕ್‌ನಲ್ಲೊಂದು. ಒಬ್ಬರದು ಇನ್ನೊಬ್ಬರ ಯಂತ್ರದಲ್ಲಿ ಓಡದು. ಬರೆದ ವಿದ್ಯಾರ್ಥಿ ಪಿಎಚ್.ಡಿ. ಮುಗಿಸಿ ಹೊರಟರೆ ಆ ಪ್ರೋಗ್ರಾಮಿನ ಗುಟ್ಟೂ ಅವನ ಜತೆಯೇ ಹೊರಡುತ್ತಿತ್ತು. ಇದು ವ್ಯರ್ಥ ದುಡಿಮೆ ಎಂದು ಬ್ರಿಟನ್ನಿನ ವಿಜ್ಞಾನ ಸಂಶೋಧನಾ ಮಂಡಳಿಗೆ ಅನ್ನಿಸಿತು. ಬೇರೆಬೇರೆ ವಿಷಯಗಳಲ್ಲಿ ಗಣನೆಯ ಕೆಲಸ ಮಾಡುವವರನ್ನು ಒಂದುಗೂಡಿಸುವ ಯೋಜನೆಗಳನ್ನು ಅದು ಶುರುಮಾಡಿತು. ಅವುಗಳಲ್ಲಿ ನಾಲ್ಕನೆಯದು ಪ್ರೋಟೀನು ಸ್ಫಟಿಕದವರದು, 1979ರಲ್ಲಿ ಹುಟ್ಟಿದ್ದು. ‘ಸಹಯೋಗದ ಗಣನಾ ಯೋಜನೆ, ಸಂಖ್ಯೆ 4’ ಎಂಬುದು ಅದರ ಹೆಸರು. ಸರ್ಕಾರಿ ಕಡತದ ಹೆಸರಿನ ಹಾಗಿದೆ, ನಿಜ. ಆದರೂ ಇಂದಿಗೂ ಅದೇ ಹೆಸರು. ಬಾಯಲ್ಲಿ ಮಾತ್ರ ಸಿಸಿಪಿ4.

ಇವರು ಮಾಡಿದ ಜಾಣತನ ಏನೆಂದರೆ, ಎಲ್ಲರ ಪ್ರೋಗ್ರಾಮುಗಳನ್ನೂ ಎಸೆದು ಹೊಸದಾಗಿ ಒಂದು ದೊಡ್ಡದನ್ನು ಬರೆಯಲು ಹೋಗಲಿಲ್ಲ. ಅವರವರದು ಅವರವರಿಗಿರಲಿ, ಅಂಕಿಗಳನ್ನು ತುಂಬಿಡುವ ಕಡತ ಮಾತ್ರ ಎಲ್ಲರದೂ ಒಂದೇ ಬಗೆಯದಾಗಿರಲಿ ಎಂದರು. ನಿಮ್ಮ ಅಡುಗೆಮನೆಯ ಗೂಡನ್ನು ನೆನೆಸಿಕೊಳ್ಳಿ. ಡಬ್ಬಿಗಳ ಮೇಲೆ ಉಪ್ಪು, ಸಕ್ಕರೆ, ರವೆ ಎಂದು ಚೀಟಿ ಅಂಟಿಸಿದ್ದರೆ ಯಾರು ಬಂದು ಅಡುಗೆ ಮಾಡಿದರೂ ಪಾಯಸಕ್ಕೆ ಉಪ್ಪು ಬೀಳದು. ಈ ಕಡತದಲ್ಲಿ ಪ್ರತಿ ಕಂಬಸಾಲಿಗೂ ಒಂದು ಹೆಸರು, ಅದು ಯಾವ ಜಾತಿಯ ಅಂಕಿ ಎಂದು ತಿಳಿಸುವ ಒಂದು ಅಕ್ಷರ. ಕಡತದ ಬಗೆಯನ್ನು ರೂಪಿಸಿದ ಮೂವರ ಹೆಸರಿನ ಮೊದಲಕ್ಷರ ಸೇರಿಸಿ ಅದನ್ನು ಎಂಟಿಝಡ್ ಎನ್ನುತ್ತಾರೆ. ಚಾಂಗ್ ಅವರ ಕಥೆ ಕೇಳಿದ ಮೇಲೆ ಚೀಟಿಯ ಬೆಲೆ ನಿಮಗೂ ಗೊತ್ತಾಗಿರಬೇಕು.

ಈ ಯೋಜನೆಗೆ ಹೆಗಲು ಕೊಟ್ಟವರಲ್ಲಿ ಎಲೀನರ್ ಡಾಡ್ಸನ್ ಎಂಬ ಹೆಣ್ಣುಮಗಳ ಹೆಸರನ್ನು ಹೇಳಲೇಬೇಕು. ಆಸ್ಟ್ರೇಲಿಯಾದವರು, ಮೆಲ್ಬರ್ನ್‌ನಲ್ಲಿ ಗಣಿತ ಓದಿದವರು. 1960ರ ದಶಕದಲ್ಲಿ ಆಕ್ಸ್‌ಫರ್ಡ್‌ನ ಡೊರೊಥಿ ಹಾಡ್ಜ್‌ಕಿನ್ ಅವರ ಪ್ರಯೋಗಶಾಲೆಗೆ ಸಹಾಯಕಿಯಾಗಿ ಸೇರಿದರು. ಹಾಡ್ಜ್‌ಕಿನ್ ಎಂದರೆ 1964ರ ನೊಬೆಲ್ ಪಡೆದವರು. 1930ರ ದಶಕದಲ್ಲಿ ಕೈಗೆತ್ತಿಕೊಂಡ ಇನ್ಸುಲಿನ್ ಸ್ಫಟಿಕವನ್ನು ಬಿಡಿಸಲು ಅವರಿಗೆ 1969ರವರೆಗೆ ಕಾಯಬೇಕಾಯಿತು. ಅಷ್ಟು ಲೆಕ್ಕ ಮಾಡುವ ಯಂತ್ರಗಳೇ ಮೊದಲು ಇರಲಿಲ್ಲ. ಆ ಲೆಕ್ಕಗಳನ್ನು ಮಾಡಿದವರಲ್ಲಿ ಎಲೀನರ್ ಒಬ್ಬರು. ಮುಂದೆ ಯಾರ್ಕ್ ವಿಶ್ವವಿದ್ಯಾಲಯಕ್ಕೆ ಹೋಗಿ ದಶಕಗಳ ಕಾಲ ಪ್ರೋಗ್ರಾಮು ಬರೆದರು, ತಿದ್ದಿದರು, ಕಲಿಸಿದರು. ಕ್ರಮದ ಪಿಎಚ್.ಡಿ. ಮಾಡಿದವರಲ್ಲ. ಆದರೂ 2003ರಲ್ಲಿ ರಾಯಲ್ ಸೊಸೈಟಿ ಅವರನ್ನು ಫೆಲೋ ಆಗಿ ಆರಿಸಿತು.

ಇನ್ಸುಲಿನ್ ರಚನೆಯ ಆ 1969ರ ಲೇಖನದ ಲೇಖಕರ ಪಟ್ಟಿಯಲ್ಲಿ ಎಲೀನರ್ ಜತೆಗೆ ಎಂ. ವಿಜಯನ್ ಎಂಬ ಹೆಸರೂ ಇದೆ. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಪಿಎಚ್.ಡಿ. ಮುಗಿಸಿ ಆಕ್ಸ್‌ಫರ್ಡ್‌ಗೆ ಹೋಗಿದ್ದವರು. ಮರಳಿ ಬಂದು ಅಲ್ಲಿಯೇ ಪ್ರೋಟೀನು ಸ್ಫಟಿಕದ ವಿದ್ಯೆಯನ್ನು ಬೆಳೆಸಿದರು. 2022ರಲ್ಲಿ ತೀರಿಕೊಂಡರು. ಅವರ ಶಿಷ್ಯರು ಮತ್ತು ಶಿಷ್ಯರ ಶಿಷ್ಯರು ಇಂದು ದೇಶದ ನಾನಾ ಕಡೆ ಇದೇ ಕೆಲಸದಲ್ಲಿದ್ದಾರೆ.

ತಂತ್ರಾಂಶವನ್ನು ಹಂಚಿದರೆ ಸಾಲದು, ಅದನ್ನು ಬಳಸಲು ಕಲಿಸಬೇಕಲ್ಲ. 1980ರಿಂದ ಈ ಗುಂಪಿನವರು ವರ್ಷಕ್ಕೊಮ್ಮೆ ವಾರಾಂತ್ಯದ ಅಧ್ಯಯನ ಶಿಬಿರ ನಡೆಸುತ್ತ ಬಂದಿದ್ದಾರೆ. ಒಂದು ವರ್ಷಕ್ಕೆ ಒಂದೇ ವಿಷಯ. ಇದಲ್ಲದೆ ಬೇರೆಬೇರೆ ದೇಶಗಳಲ್ಲಿ ಕಾರ್ಯಾಗಾರಗಳೂ ನಡೆಯುತ್ತವೆ, ಭಾರತದಲ್ಲೂ ನಡೆದಿವೆ. ಅವುಗಳ ಸೊಗಸು ಎಂದರೆ, ವಿದ್ಯಾರ್ಥಿ ತನ್ನ ಬಿಡಿಸಲಾಗದ ಅಂಕಿಗಳನ್ನೇ ಕಟ್ಟಿಕೊಂಡು ಬರಬಹುದು. ಆ ಪ್ರೋಗ್ರಾಮನ್ನು ಬರೆದವರೇ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ನೋಡುತ್ತಾರೆ. ಎಷ್ಟೋ ಸಲ ವಿದ್ಯಾರ್ಥಿಯ ತೊಡಕಿನಿಂದ ಪ್ರೋಗ್ರಾಮಿನದೇ ತಪ್ಪು ಬೆಳಕಿಗೆ ಬರುತ್ತದೆ. ನಮ್ಮ ಕಾಲೇಜುಗಳಲ್ಲಿ ‘ಹೀಗೇಕೆ ಸಾರ್’ ಎಂದು ಕೇಳಿದ ಹುಡುಗನನ್ನು ಕೂರಿಸುವ ರೀತಿಗೂ ಇದಕ್ಕೂ ಎಷ್ಟು ದೂರ!

ಇಷ್ಟು ಹೇಳುವಷ್ಟರಲ್ಲಿ ಯಜಮಾನರು, ‘ಓ, ಇದು ನಮ್ಮ ಮುಯ್ಯಾಳು ಇದ್ದಂಗೆ ಬಿಡಿ’ ಎಂದರು. ಪೇಟೆಯ ಮಕ್ಕಳಿಗೆ ಈ ಮಾತು ಗೊತ್ತಿರಲಿಕ್ಕಿಲ್ಲ. ಇವತ್ತು ನಿಮ್ಮ ಹೊಲದ ಕೊಯ್ಲಿಗೆ ನಮ್ಮ ಮನೆಯವರು ಬರುತ್ತಾರೆ, ನಾಳೆ ನಮ್ಮ ಹೊಲಕ್ಕೆ ನಿಮ್ಮವರು. ಕೂಲಿಯ ಲೆಕ್ಕವಿಲ್ಲ, ಆಳಿಗೆ ಆಳು. ನಾನು ಹೌದೆಂದೆ. ಅವರು ಅಷ್ಟಕ್ಕೇ ಬಿಡಲಿಲ್ಲ. ‘ಎಲ್ಲಾರೂ ಒಂದೇ ಬಾವಿ ನೀರು ಕುಡಿದು, ಬಾವಿನೇ ಕೆಟ್ರೆ?’

ಒಳ್ಳೆಯ ಪ್ರಶ್ನೆ. ಹಾಗೂ ಆಗಿದೆ. ಮೆದುಳಿನ ಸ್ಕ್ಯಾನ್‌ಗಳನ್ನು ವಿಶ್ಲೇಷಿಸಲು ಜಗತ್ತಿನ ತುಂಬ ಬಳಕೆಯಲ್ಲಿರುವ ಉಚಿತ ತಂತ್ರಾಂಶವೊಂದರಲ್ಲಿ ಸುಮಾರು 15 ವರ್ಷ ಒಂದು ತಪ್ಪು ಅಡಗಿ ಕೂತಿತ್ತು. 2015ರಲ್ಲಿ ಅದನ್ನು ಸರಿಪಡಿಸಿದರು. ಹಿಡಿದವರು ಸ್ವೀಡನ್ನಿನ ಸಂಶೋಧಕರು. ಪ್ರೋಗ್ರಾಮಿನ ಒಡಲು ಎಲ್ಲರಿಗೂ ತೆರೆದಿತ್ತು, ಹಾಗಾಗಿ ಹೊರಗಿನವರೂ ಇಣುಕಿ ನೋಡಬಹುದಾಗಿತ್ತು. ಹಂಚಿಕೊಂಡದ್ದು ತಪ್ಪಿಲ್ಲದ್ದು ಎಂದೇನೂ ನಾನು ಹೇಳಲಾರೆ. ಆದರೆ ಬೀರುವಿನಲ್ಲಿ ಬೀಗ ಹಾಕಿಟ್ಟ ತಪ್ಪನ್ನು ಹುಡುಕುವವರು ಯಾರು?

ಯಜಮಾನರ ಮೂರನೆಯ ಪ್ರಶ್ನೆಗೆ ಮಾತ್ರ ನಾನು ಸ್ವಲ್ಪ ತಡವರಿಸಿದೆ. ‘ಮುಯ್ಯಾಳಿಗೆ ಬಂದವರಿಗೆ ಹೊಲದವನು ಹೊಟ್ಟೆ ತುಂಬಾ ಊಟ ಹಾಕ್ತಾನೆ. ಇಲ್ಲಿ ಊಟ ಹಾಕೋರು ಯಾರು?’

ಸಿಸಿಪಿ4ರ ಮಟ್ಟಿಗೆ ಉತ್ತರವಿದೆ. ಒಂದಿಷ್ಟು ಬ್ರಿಟಿಷ್ ಸರ್ಕಾರದ ಅನುದಾನ. ವಿಶ್ವವಿದ್ಯಾಲಯಗಳಿಗೆ ತಂತ್ರಾಂಶ ಪುಕ್ಕಟೆ, ಔಷಧ ಕಂಪನಿಗಳಿಗೆ ಮಾತ್ರ ಶುಲ್ಕ. ಆ ಹಣ ಮತ್ತೆ ಪ್ರೋಗ್ರಾಮು ಬರೆಯುವವರ ಸಂಬಳಕ್ಕೂ ತರಬೇತಿಗೂ ಹೋಗುತ್ತದೆ. ಆದರೆ ಎಲ್ಲ ಕಡೆ ಹೀಗಿಲ್ಲ. ವಿಜ್ಞಾನಿಯ ಬಡ್ತಿಗೆ ಲೆಕ್ಕ ಹಿಡಿಯುವುದು ಪ್ರಕಟವಾದ ಲೇಖನಗಳನ್ನು. ನೂರು ಜನ ಬಳಸುವ ಪ್ರೋಗ್ರಾಮನ್ನು ಹತ್ತು ವರ್ಷ ಕಾಪಾಡಿದವನಿಗೆ ಆ ಲೆಕ್ಕದಲ್ಲಿ ಸಿಗುವುದು ಅಷ್ಟಕ್ಕಷ್ಟೆ. 1994ರಲ್ಲಿ ಈ ತಂತ್ರಾಂಶದ ಬಗ್ಗೆ ಬಂದ ಲೇಖನವನ್ನು ಸಾವಿರಾರು ಸಂಶೋಧನೆಗಳು ಉಲ್ಲೇಖಿಸಿವೆ. ಲೇಖಕರ ಜಾಗದಲ್ಲಿ ಯಾವ ಮನುಷ್ಯರ ಹೆಸರೂ ಇಲ್ಲ, ಯೋಜನೆಯ ಹೆಸರಿದೆ! ಇದನ್ನು ತಂದೆತಾಯಿಯರಿಂದ ಮುಚ್ಚಿಡುವುದು ಸರಿಯಲ್ಲ. ಈ ದಾರಿಯಲ್ಲಿ ಕೆಲಸ ಇದೆ, ಬೇಡಿಕೆಯೂ ಇದೆ. ಆದರೆ ಬ್ಯಾಂಕಿನ ನೌಕರಿಯಂತೆ ಹಾಸಿಟ್ಟ ದಾರಿ ಅದಲ್ಲ.

ಹಾಗಿದ್ದೂ ಇಳುವರಿಯನ್ನು ನೋಡಿ. ಬಿಡಿಸಿದ ಪ್ರೋಟೀನು ರಚನೆಗಳನ್ನೆಲ್ಲ ಕೂಡಿಡುವ ಜಾಗತಿಕ ಕಣಜ 1971ರಲ್ಲಿ ಶುರುವಾದಾಗ ಅಲ್ಲಿದ್ದದ್ದು ಏಳು ರಚನೆ. 2023ರ ಜನವರಿಗೆ ಅದು 2 ಲಕ್ಷ ದಾಟಿತು. ಕೃತಕ ಬುದ್ಧಿಯಿಂದ ಪ್ರೋಟೀನಿನ ಆಕಾರವನ್ನು ಮೊದಲೇ ಊಹಿಸುವ ‘ಆಲ್ಫಾಫೋಲ್ಡ್’ಗಾಗಿ 2024ರ ರಸಾಯನ ವಿಜ್ಞಾನದ ನೊಬೆಲ್‌ನಲ್ಲಿ ಪಾಲು ಬಂತಲ್ಲ, ಆ ಯಂತ್ರ ಅಕ್ಷರಾಭ್ಯಾಸ ಮಾಡಿದ್ದು ಈ ಕಣಜದ ಕಾಳಿನ ಮೇಲೆ. ಆ ಕಾಳಿನಲ್ಲಿ ಎಷ್ಟೋ ಪಾಲು ಹಂಚಿಕೊಂಡ ಪ್ರೋಗ್ರಾಮುಗಳಿಂದ ಬೆಳೆದದ್ದು. ಅಂದ ಹಾಗೆ ಚಾಂಗ್ ಕೂಡ ಕೈಕಟ್ಟಿ ಕೂರಲಿಲ್ಲ. 2007ರಲ್ಲಿ ಸರಿಪಡಿಸಿದ ರಚನೆಗಳನ್ನು ಪ್ರಕಟಿಸಿದರು.

ಅಷ್ಟು ಹೊತ್ತು ಸುಮ್ಮನಿದ್ದ ಹುಡುಗಿ ಆಗ ಬಾಯಿಬಿಟ್ಟಳು. ‘ಅಂಕಲ್, ಇದಕ್ಕೆ ಈಗಿಂದಲೇ ಏನು ಓದಬೇಕು?’

ಮೊದಲು ಗಣಿತವನ್ನು ಬಿಡಬೇಡ ಎಂದೆ. ಪಿಸಿಎಂಬಿ ತೆಗೆದುಕೊಂಡ ಎಷ್ಟೋ ಮಕ್ಕಳು ಮೆಡಿಕಲ್ ಸೀಟಿನ ಧ್ಯಾನದಲ್ಲಿ ಗಣಿತವನ್ನು ಪಾಸಾಗುವಷ್ಟಕ್ಕೆ ಓದಿ ಕೈತೊಳೆದುಕೊಳ್ಳುತ್ತಾರೆ. ಸೀಟು ಸಿಗದಿದ್ದಾಗ ಬಿ.ಎಸ್ಸಿ.ಯಲ್ಲಿ ಗಣಿತವಿಲ್ಲದ ಜೋಡಿ ಹುಡುಕುತ್ತಾರೆ. ಚುಕ್ಕೆಯಿಂದ ಅಣುವಿಗೆ ಹೋಗುವ ದಾರಿ ಪೂರ್ತಿ ತ್ರಿಕೋನಮಿತಿ ಮತ್ತು ಸಂಕೀರ್ಣ ಸಂಖ್ಯೆಗಳು. ಪಿ.ಯು.ಸಿ.ಯಲ್ಲಿ ಬೇಸರದಿಂದ ಓದುವ ಅದೇ ಅಧ್ಯಾಯಗಳು. ಇನ್ನು ಪ್ರೋಗ್ರಾಮಿಂಗ್. ಸಿಸಿಪಿ4ರ ಹಳೆಯ ಪ್ರೋಗ್ರಾಮುಗಳು ಫೋರ್ಟ್ರಾನ್ ಭಾಷೆಯಲ್ಲಿವೆ, ಹೊಸವು ಸಿ++ ಮತ್ತು ಪೈಥಾನ್‌ನಲ್ಲಿ. ಪೈಥಾನ್‌ನಿಂದ ಶುರುಮಾಡಿದರೆ ಸಾಕು. ಐಐಟಿ ಮುಂಬಯಿಯವರ ‘ಸ್ಪೋಕನ್ ಟ್ಯುಟೋರಿಯಲ್’ ಎಂಬ ಉಚಿತ ಪಾಠಗಳಿವೆ. ಹತ್ತು ನಿಮಿಷದ ಆಸುಪಾಸಿನ ತುಣುಕುಗಳು, ನೋಡುತ್ತ ನೋಡುತ್ತಲೇ ಮಾಡಿ ಕಲಿಯಬೇಕು. ಹಲವು ಪಾಠಗಳಿಗೆ ಕನ್ನಡದ ಧ್ವನಿಯೂ ಇದೆ. ಕೋಚಿಂಗ್ ಕ್ಲಾಸಿಗೆ ತಿಪಟೂರಿಗೋ ತುಮಕೂರಿಗೋ ಬಸ್ಸು ಹತ್ತಬೇಕಾಗಿಲ್ಲ.

‘ಗಣಿತದಾಗೆ ಎಷ್ಟ್ ಬಂದಿತ್ತಮ್ಮ ಹೋದ್ಸಲ?’ ಎಂದು ಯಜಮಾನರು ಮಗಳ ಕಡೆ ತಿರುಗಿದರು. ಹುಡುಗಿ ಮಜ್ಜಿಗೆ ತರುವ ನೆಪದಲ್ಲಿ ಒಳಗೆ ಹೋದಳು.