ಅಲ್ಪವಿರಾಮ ಹಾಕುವ ಮುನ್ನ

ಬಿ.ಕಾಂ. ಓದುವ ತಂಗಿ ಅಡಿಕೆ ವ್ಯಾಪಾರದ ಬಗ್ಗೆ ಪ್ರಬಂಧ ಬರೆದು, ತಿದ್ದಿಕೊಡು ಎಂದಳು. ನಾನೋ ಬಿ.ಇ. ಹುಡುಗ, ಆ್ಯಪ್‌ಗೆ ಹಾಕಿದೆ. ಕಾಗುಣಿತವೇನೋ ಸರಿಯಾಯಿತು. ಆದರೆ ‘ಕೆಂಪು ಗೋಟು’ ಹೋಗಿ ‘ಕೆಂಪು, ಗೋಟು’ ಆಗಿತ್ತು! ಶಿರಸಿ ಮಾರುಕಟ್ಟೆಯಲ್ಲಿ ಚಾಲಿ, ರಾಶಿ, ಬೆಟ್ಟೆ, ಕೆಂಪು ಗೋಟು ಒಂದೊಂದಕ್ಕೂ ಬೇರೆ ದರ. ಭೈರುಂಬೆಯ ತೋಟದಲ್ಲೇ ಬೆಳೆದ ನಾನು ಇದನ್ನು ಗಮನಿಸಲೇ ಇಲ್ಲ. ಅವಳ ವಾಕ್ಯಗಳೂ ಬದಲಾಗಿದ್ದವು. ‘ಇದು ಆನು ಬರದ್ದೇ ಅಲ್ಲ’ ಎಂದು ಮುಖ ಊದಿಸಿದಳು.

ತಿದ್ದುವವರು ತಪ್ಪು ತೋರಿಸಲಿ, ಯಾಕೆಂದು ಹೇಳಲಿ, ವಾಕ್ಯವನ್ನೇ ಕಿತ್ತುಕೊಳ್ಳಬಾರದು. ಮರುದಿನ ಪೆನ್ಸಿಲ್ ಹಿಡಿದು ಇಬ್ಬರೂ ಕೂತೆವು. ‘ಸುಲಿದು ಬೇಯಿಸಿದರೆ ರಾಶಿ ಒಣಗಿಸಿ ಸುಲಿದರೆ ಚಾಲಿ’ ಎಂದು ಬರೆದಿದ್ದಳು. ಗಟ್ಟಿಯಾಗಿ ಓದು ಎಂದೆ. ಓದಿ ನಕ್ಕವಳು, ‘ರಾಶಿ’ಯ ನಂತರ ತಾನೇ ಒಂದು ಅಲ್ಪವಿರಾಮ ಹಾಕಿದಳು.